ಬಿಳಿಚಿದ ರೆಪ್ಪೆ, ಬಿಗಿದ ಬೆರಳು

ನಮ್ಮ ವೈನಿಯ, ಅಂದರೆ ಅತ್ತಿಗೆಯ, ಕಪಾಟಿನಲ್ಲಿ ಎರಡು ಫೈಲುಗಳಿದ್ದವು. ಹಸಿರು ಫೈಲಿನಲ್ಲಿ ಕೈ ಮತ್ತು ಮೊಣಕಾಲಿನ ಎಕ್ಸ್‌ರೇಗಳು, ನೋವಿನ ಗುಳಿಗೆ ಬರೆದ ಚೀಟಿಗಳು. ನೀಲಿ ಫೈಲಿನಲ್ಲಿ ರಕ್ತದ ರಿಪೋರ್ಟುಗಳು, ಐರನ್ ಗುಳಿಗೆ ಬರೆದ ಚೀಟಿಗಳು. ಹಸಿರು ಫೈಲು ಎಲುಬಿನ ಡಾಕ್ಟರಲ್ಲಿಗೆ ಹೋಗುತ್ತಿತ್ತು, ನೀಲಿಯದು ಓಣಿಯ ಡಾಕ್ಟರಲ್ಲಿಗೆ. ಎರಡು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಹಿಮೋಗ್ಲೋಬಿನ್ ಒಮ್ಮೆ 8.9, ಒಮ್ಮೆ 9.2, ಮತ್ತೆ 8.6. ಐರನ್ ಗುಳಿಗೆಯಿಂದ ಸಿಕ್ಕಿದ್ದು ಮಲಬದ್ಧತೆಯೊಂದೇ. ಬೆರಳಿನ ನಡುಗಂಟುಗಳು ಊದಿಕೊಂಡು ಉಂಗುರವನ್ನು ಸೋಪು ಹಚ್ಚಿ, ದಾರ ಸುತ್ತಿ ತೆಗೆಯಬೇಕಾಯಿತು. ವೈನಿ ವಿಜಯಪುರದ ಕಡೆಯವರು, ಹುಡುಗಿಯಾಗಿದ್ದಾಗಿನಿಂದ ಜೋಳದ ರೊಟ್ಟಿ ಬಡಿದವರು. ಒಂದು ದಿನ ನಾದಿದ ಹಿಟ್ಟನ್ನು ಪರಾತದಲ್ಲೇ ಬಿಟ್ಟು, "ಅಂಗೈ ಚಪ್ಪಟಿನ ಆಗವಲ್ದು" ಎಂದು ನೆಲಕ್ಕೆ ಕುಳಿತುಬಿಟ್ಟರು.

ಕೊನೆಗೆ ಒಬ್ಬ ಯುವ ವೈದ್ಯೆ ಎರಡೂ ಫೈಲುಗಳನ್ನು ಒಂದೇ ಮೇಜಿನ ಮೇಲೆ ಬಿಡಿಸಿ, ತಾರೀಖಿನ ಪ್ರಕಾರ ಹಾಳೆಗಳನ್ನು ಜೋಡಿಸಿದರು. ಕೈ ಊದತೊಡಗಿದ ತಿಂಗಳೂ ರಕ್ತ ಇಳಿಯತೊಡಗಿದ ತಿಂಗಳೂ ಹೆಚ್ಚುಕಡಿಮೆ ಒಂದೇ. "ಇವು ಎರಡು ಕಾಯಿಲೆ ಅಂತ ಯಾರು ಹೇಳಿದರು ನಿಮಗೆ?" ಎಂದು ಮರಾಠಿಯಲ್ಲಿ ಕೇಳಿದರು. ಹಾಗೆಂದು ಯಾರೂ ಹೇಳಿರಲಿಲ್ಲ. ಎರಡೂ ಒಂದೇ ಇರಬಹುದು ಎಂದೂ ಯಾರೂ ಹೇಳಿರಲಿಲ್ಲ.

ಅಂದಿನಿಂದ ನಾನು ಈ ವಿಷಯವನ್ನು ಓದುತ್ತ, ಕೇಳುತ್ತ ಬಂದಿದ್ದೇನೆ. ಸಂದುನೋವು ಮತ್ತು ರಕ್ತಹೀನತೆ ಒಂದೇ ಮೈಯಲ್ಲಿ ಕೂಡಿಬರುವುದು ಎಷ್ಟು ಸಾಮಾನ್ಯ, ಯಾವ ಯಾವ ದಾರಿಯಿಂದ ಕೂಡಿಬರುತ್ತವೆ, ಮತ್ತು ನಮ್ಮ ಮನೆಗಳಲ್ಲಿ ಅದು ಏಕೆ ಇಷ್ಟು ತಡವಾಗಿ ಗೊತ್ತಾಗುತ್ತದೆ ಎಂಬುದನ್ನು ಒಂದೆಡೆ ಇಟ್ಟು ನೋಡುವ ಪ್ರಯತ್ನವಿದು.

ನಮ್ಮದು ಮುಂಬಯಿ ಬಳಿಯ ವಿಠ್ಠಲವಾಡಿ. ಕಲ್ಯಾಣ ದಾಟಿದ ಮೇಲೆ ಕರ್ಜತ್ ಕಡೆಗೆ ಸಿಗುವ ಮೊದಲ ಸ್ಟೇಷನ್ನು. ಕಲ್ಯಾಣ ಪೂರ್ವ ಮತ್ತು ಉಲ್ಲಾಸನಗರ ಇಲ್ಲಿ ಒಂದಕ್ಕೊಂದು ತಾಗಿಕೊಂಡಿವೆ. ಡೊಂಬಿವಲಿ, ಕಲ್ಯಾಣ, ಅಂಬರನಾಥದ ಉದ್ದಕ್ಕೂ ಕನ್ನಡದ ಮನೆಗಳಿವೆ: ಕರಾವಳಿಯಿಂದ ಹೋಟೆಲಿಗೆಂದು ಬಂದವರು, ಕಲಬುರಗಿ ವಿಜಯಪುರದಿಂದ ದುಡಿಮೆಗೆಂದು ಬಂದವರು, ಬ್ಯಾಂಕು ಕಚೇರಿಗಳಿಗೆ ಬಂದವರು. ಇಲ್ಲಿನ ಹೆಂಗಸರು ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿ, ಸ್ಟೇಷನ್ ಮೇಲುಸೇತುವೆಯ ಮೆಟ್ಟಿಲು ಹತ್ತಿ ಇಳಿದು, ಲೋಕಲ್ಲಿನಲ್ಲಿ ನಿಂತುಕೊಂಡೇ ಹೋಗುತ್ತಾರೆ. ಮಂಡಿ ನೋಯುತ್ತದೆ ಎಂದರೆ "ಮೆಟ್ಟಿಲು ಹತ್ತಿ ಹತ್ತಿ ಹಾಗಾಗಿದೆ" ಎನ್ನುವ ಉತ್ತರ ಸಿದ್ಧವಿರುತ್ತದೆ. ಸುಸ್ತು ಎಂದರೆ "ಹೆಂಗಸರಿಗೆ ರಕ್ತ ಕಡಿಮೆಯೇ ಅಲ್ಲವೇ" ಎನ್ನುವ ಉತ್ತರ. ಎರಡೂ ಉತ್ತರಗಳಲ್ಲಿ ಸ್ವಲ್ಪ ನಿಜವಿದೆ. ಅದರಿಂದಲೇ ಅಪಾಯ.

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಮಹಾರಾಷ್ಟ್ರದಲ್ಲಿ 54.2, ಕರ್ನಾಟಕದಲ್ಲಿ 47.8. ಹಿಂದಿನ ಸಮೀಕ್ಷೆಯಲ್ಲಿ ಇವು 48 ಮತ್ತು 44.8 ಇದ್ದವು. ಬೆರಳು ಚುಚ್ಚಿ ತೆಗೆದ ಹನಿಯಿಂದ ಅಳೆದದ್ದು, ರಕ್ತನಾಳದಿಂದ ತೆಗೆದಿದ್ದರೆ ಸಂಖ್ಯೆ ಇಷ್ಟು ಬರುತ್ತಿರಲಿಲ್ಲ ಎಂಬ ವಾದ ತಜ್ಞರಲ್ಲಿದೆ. ಅದನ್ನು ಒಪ್ಪಿಕೊಂಡರೂ ಉಳಿಯುವ ಸಂಖ್ಯೆ ಚಿಕ್ಕದಲ್ಲ. ಇನ್ನು ಸಂದುನೋವು. ಪುಣೆ ಜಿಲ್ಲೆಯ ಭಿಗವಣ ಗ್ರಾಮದಲ್ಲಿ ಡಾ. ಅರವಿಂದ ಚೋಪ್ರಾ ಅವರ ತಂಡ 1996ರಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದಾಗ ವಯಸ್ಕರಲ್ಲಿ ನೂರಕ್ಕೆ ಸುಮಾರು 18 ಮಂದಿ ಸಂದು, ಸ್ನಾಯು, ಬೆನ್ನಿನ ನೋವು ಹೇಳಿಕೊಂಡರು. ಇಷ್ಟು ಸಾಮಾನ್ಯವಾದ ಎರಡು ಸಂಗತಿಗಳು ಒಬ್ಬರಲ್ಲೇ ಕಾಕತಾಳೀಯವಾಗಿ ಕೂಡುವುದುಂಟು. ಆದರೆ ಕಾಕತಾಳೀಯ ಎಂದು ತೀರ್ಮಾನಿಸುವುದು ಹುಡುಕಿ ನೋಡಿದ ಮೇಲಿನ ಮಾತಾಗಬೇಕು.

ಹುಡುಕುವುದು ಮಾತಿನಿಂದಲೇ ಶುರುವಾಗುತ್ತದೆ, ಪರವೂರಿನ ಕನ್ನಡಿಗರು ಸೋಲುವುದೂ ಅಲ್ಲೇ. ನೋವಿಗೆ ನಮ್ಮಲ್ಲಿ ಎಷ್ಟು ಮಾತುಗಳಿವೆ ನೋಡಿ. ಸೆಳೆತ, ಚಳುಕು, ಜೋಮು, ಉಳುಕು, ಉರಿ, ಹಿಡಿತ. ಉತ್ತರ ಕರ್ನಾಟಕದವರಾದರೆ ಕಾಲು "ಸೇದ್ತಾವ", "ಹರೀತಾವ" ಎನ್ನುತ್ತಾರೆ. ಇವು ಒಂದೊಂದೂ ಬೇರೆ ಬೇರೆ. ಜೋಮು ಎಂದರೆ ನರದ ಕಡೆ, ಬಿ12 ಕೊರತೆಯ ಕಡೆ ನೋಡಬೇಕು. ರಾತ್ರಿ ಮಲಗಿದ ಮೇಲೆ ಕಾಲು ಸೇದಿ, ಅಲ್ಲಾಡಿಸಿದರಷ್ಟೇ ಹಿತವೆನಿಸುತ್ತದೆ ಎಂದರೆ ಅದು ಮೈಯಲ್ಲಿ ಕಬ್ಬಿಣ ಬರಿದಾಗಿರುವ ಸೂಚನೆಯಾಗಿರಬಹುದು. ವೈನಿ ಮನೆಯಲ್ಲಿ ಹೇಳುತ್ತಿದ್ದ ಮಾತು ಇದು: "ಮುಂಜಾನೆ ಎದ್ದಕೂಡ್ಲೆ ಕೈ ಬಿಗದ ಬಿಡ್ತಾವ. ಒಂಬತ್ತ ಹೊಡಿಯೂತನಕ ಮುಷ್ಟಿ ಮಾಡಾಕ ಬರಂಗಿಲ್ಲ." ಡಾಕ್ಟರ ಮುಂದೆ ಇದೇ ಮಾತು ಹಿಂದಿಗೆ ತಿರುಗಿ "ಹಾಥ್ ಮೇ ದರ್ದ್ ಹೈ" ಎಂದಾಗುತ್ತಿತ್ತು. ಎರಡು ವರ್ಷ ಕಳೆದುಹೋದದ್ದು ಈ ಭಾಷಾಂತರದಲ್ಲಿ ಎಂದು ನನಗೆ ಈಗಲೂ ಅನಿಸುತ್ತದೆ. ಸವೆದ ಸಂದಿನ ಬಿಗಿತ ಎದ್ದು ಓಡಾಡಿದರೆ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಗಂಟೆಗಟ್ಟಲೆ ಉಳಿಯುವ ಬೆಳಗಿನ ಬಿಗಿತ ಉರಿಯೂತದ ವಾತದ, ಅಂದರೆ ರುಮಟಾಯ್ಡ್ ಸಂಧಿವಾತದಂಥದರ, ಬಹು ಮುಖ್ಯ ಗುರುತು. "ಬಿಗಿ" ಎಂಬ ಎರಡಕ್ಷರ ಬಿದ್ದುಹೋದರೆ ರೋಗವೇ ಬಿದ್ದುಹೋದಂತೆ. ಮರಾಠಿಯಲ್ಲಿ ಇದಕ್ಕೆ "ಆಖಡಣೆ" ಎನ್ನುತ್ತಾರೆ, ಹಿಂದಿಯಲ್ಲಿ "ಜಕಡನ್". ಈ ಭಾಗದ ಕನ್ನಡಿಗರು ಈ ಎರಡು ಶಬ್ದ ಕಲಿತಿಟ್ಟುಕೊಂಡರೆ ಒಳ್ಳೆಯದು.

ಯಾವ ಗಂಟು ಎಂಬುದೂ ಮುಖ್ಯ. ಉಗುರಿಗೆ ಹತ್ತಿರದ ಗಂಟು ಗಟ್ಟಿಯಾಗಿ ಉಬ್ಬಿದ್ದರೆ ಬಹುತೇಕ ಅದು ವಯಸ್ಸಿನ ಸವೆತ. ಬೆರಳಿನ ಬುಡ ಮತ್ತು ನಡುಗಂಟು, ಎರಡೂ ಕೈಯಲ್ಲಿ ಸಮನಾಗಿ, ಮೆತ್ತಗೆ ಊದಿದ್ದರೆ ರುಮಟಾಯ್ಡ್ ಅನುಮಾನ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು.

ಇನ್ನು ರಕ್ತದ ಕಡೆಗೆ. ವಯಸ್ಕರ ಮೈಯಲ್ಲಿರುವ ಕಬ್ಬಿಣ ಒಟ್ಟು ಮೂರು ನಾಲ್ಕು ಗ್ರಾಂ. ಅದರ ಬಹುಪಾಲು ಕೆಂಪು ರಕ್ತಕಣಗಳಲ್ಲಿದೆ. ಒಂದು ಕಣದ ಆಯಸ್ಸು ಸುಮಾರು 120 ದಿನ. ಸತ್ತ ಕಣಗಳಿಂದ ದೇಹ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣವನ್ನು ಹೆಕ್ಕಿ ಹೊಸ ಕಣಗಳಿಗೆ ಕೊಡುತ್ತದೆ. ಊಟದಿಂದ ಹೀರಿಕೊಳ್ಳುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಹಳೆಯ ಕಾಲದ ಮನೆಯ ಹಾಗೆ, ಹೊಸ ಸಾಮಾನು ತರುವುದು ಅಪರೂಪ, ಇದ್ದದ್ದನ್ನೇ ತಿರುತಿರುಗಿ ಬಳಸುವುದು. ಈ ಕಬ್ಬಿಣದ ಕಣಜದ ಬೀಗದಕೈ ಯಕೃತ್ತಿನಲ್ಲಿದೆ: ಹೆಪ್ಸಿಡಿನ್ ಎಂಬ ಚಿಕ್ಕ ಹಾರ್ಮೋನು. ವಿಜ್ಞಾನಕ್ಕೆ ಇದು ಗೊತ್ತಾದದ್ದು 2000ದ ಆಸುಪಾಸಿನಲ್ಲಷ್ಟೇ. ಮೈಯಲ್ಲಿ ಎಲ್ಲೇ ಉರಿಯೂತ ಎದ್ದರೂ ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಯಕೃತ್ತಿಗೆ ಹೋಗುತ್ತದೆ, ಹೆಪ್ಸಿಡಿನ್ ಏರುತ್ತದೆ, ಕರುಳಿನ ಬಾಗಿಲೂ ಕಣಜದ ಬಾಗಿಲೂ ಮುಚ್ಚುತ್ತವೆ. ರೋಗಾಣುಗಳಿಗೂ ಕಬ್ಬಿಣ ಬೇಕು. ಶತ್ರು ಬಂದಾಗ ಧಾನ್ಯ ಅಡಗಿಸಿಡುವುದು ದೇಹದ ಬಹು ಪುರಾತನ ಜಾಣತನ. ಕೆಲವು ದಿನಗಳ ಜ್ವರಕ್ಕೆ ಅದು ಸರಿಹೋಗುತ್ತದೆ. ಸಂಧಿವಾತದಲ್ಲಿ ಶತ್ರು ಹೊರಗಿನವನಲ್ಲ, ಯುದ್ಧ ವರ್ಷಗಟ್ಟಲೆ ಮುಗಿಯುವುದಿಲ್ಲ; ಬಾಗಿಲು ಮುಚ್ಚಿಯೇ ಇರುತ್ತದೆ. ಕಣಜದಲ್ಲಿ ಕಬ್ಬಿಣವಿದ್ದೂ ರಕ್ತ ತಯಾರಾಗುವ ಮಜ್ಜೆಗೆ ಅದು ಮುಟ್ಟುವುದಿಲ್ಲ. ವೈನಿ ಆರು ತಿಂಗಳು ನುಂಗಿದ ಗುಳಿಗೆ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಇದು. ಮುಚ್ಚಿದ ಬಾಗಿಲಿನ ಮುಂದೆ ಚೀಲ ಇಳಿಸಿ ಬಂದಿದ್ದೆವು.

ಇದು ಒಂದು ದಾರಿ. ಇನ್ನೊಂದು ದಾರಿ ನೋವಿನ ಗುಳಿಗೆಯದು, ಅದನ್ನು ನಾವೇ ತೋಡಿಕೊಳ್ಳುತ್ತೇವೆ. ಸ್ಟೇಷನ್ ಬದಿಯ ಯಾವ ಮೆಡಿಕಲ್ಲಿಗೆ ಹೋಗಿ "ಗುಡಗೇ ದುಖ್ತಾತ್" (ಮಂಡಿ ನೋಯುತ್ತದೆ) ಎಂದರೂ ಡೈಕ್ಲೋಫೆನಾಕ್ ಅಥವಾ ಎಸಿಕ್ಲೋಫೆನಾಕ್‌ನ ಪಟ್ಟಿ ಕೈಗೆ ಬರುತ್ತದೆ. ಇವು ನೋವು ಇಳಿಸುತ್ತವೆ, ಜೊತೆಗೆ ಜಠರದ ಒಳಪದರವನ್ನು ತೆಳುವಾಗಿಸುತ್ತವೆ. ಅಲ್ಲಿಂದ ರಕ್ತ ಸೋರಬಹುದು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ. ದಿನಕ್ಕೆ ಒಂದು ಚಮಚೆಗಿಂತ ಕಡಿಮೆ, ನಾಲ್ಕು ಮಿಲಿಲೀಟರ್ ಸೋರಿದರೆ ಸಾಕು, ಊಟದಿಂದ ಆ ದಿನ ಹೀರಿದ್ದೆಲ್ಲ ಹೋಯಿತು. ಇಷ್ಟು ಸೋರಿದ್ದು ಕಣ್ಣಿಗೆ ಕಾಣುವುದೂ ಇಲ್ಲ, ಹೊಟ್ಟೆ ನೋಯಬೇಕೆಂದೂ ಇಲ್ಲ. ಹೊಟ್ಟೆ ಉರಿಯಿತೆಂದು ಪ್ಯಾಂಟೊಪ್ರಜೋಲ್ ಶುರುಮಾಡಿದರೆ ಆಮ್ಲ ಕಡಿಮೆಯಾಗಿ ಜಠರಕ್ಕೆ ರಕ್ಷಣೆ ಸಿಗುತ್ತದೆ, ಆದರೆ ಕಬ್ಬಿಣ ಕರಗಿ ಒಳಸೇರಲು ಅದೇ ಆಮ್ಲ ಬೇಕು. ಒಂದಕ್ಕೆ ಮದ್ದು ಹಾಕಿದರೆ ಇನ್ನೊಂದು ತೆರೆದುಕೊಳ್ಳುತ್ತದೆ. ನೋವಿನ ಗುಳಿಗೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನೋವಿನಲ್ಲಿ ನರಳುವವರಿಗೆ ಹಾಗೆ ಉಪದೇಶ ಮಾಡುವುದು ಕ್ರೌರ್ಯ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಎಂಬುದನ್ನು ರಕ್ತದ ಡಾಕ್ಟರಿಗೂ ಹೇಳಬೇಕು, ಅಷ್ಟೇ. ಐರನ್ ಗುಳಿಗೆಯಿಂದ ಮಲ ಕಪ್ಪಾಗುವುದು ಸಹಜ. ನೋವಿನ ಗುಳಿಗೆ ತಿನ್ನುವವರಿಗೆ ಟಾರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯ ಕಪ್ಪು ಮಲವಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಈ ಎರಡು ದಾರಿ ಒಬ್ಬರಲ್ಲೇ ಸೇರಿದಾಗ ರಿಪೋರ್ಟು ಓದುವುದು ಕಷ್ಟವಾಗುತ್ತದೆ. ಕಬ್ಬಿಣದ ಸಂಗ್ರಹವನ್ನು ತೋರುವ ಪರೀಕ್ಷೆ ಫೆರಿಟಿನ್. ಆದರೆ ಉರಿಯೂತವಿದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಎರಡು ಗೆರೆ ಎಳೆದಿದೆ: ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ, ಸೋಂಕು ಅಥವಾ ಉರಿಯೂತ ಇದ್ದವರಲ್ಲಿ 70ಕ್ಕಿಂತ ಕಡಿಮೆಯಿದ್ದರೂ ಕೊರತೆಯೇ. ವೈನಿಯ ಫೆರಿಟಿನ್ 48 ಇತ್ತು. ಲ್ಯಾಬಿನ ಹಾಳೆಯಲ್ಲಿ ಅದರ ಮುಂದೆ "ನಾರ್ಮಲ್" ಎಂದೇ ಅಚ್ಚಾಗಿತ್ತು. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ರಕ್ತದಲ್ಲಿ ಕಬ್ಬಿಣ ಸಾಗಿಸುವ ಗಾಡಿ ಎಷ್ಟು ತುಂಬಿದೆ ಎಂಬುದು, ನೂರಕ್ಕೆ 9. ಸಾಮಾನ್ಯವಾಗಿ 20ಕ್ಕಿಂತ ಮೇಲಿರಬೇಕು. ಜೊತೆಗೆ ಉರಿಯೂತ ತೋರುವ ಸಿಆರ್‌ಪಿ ಏರಿತ್ತು, ರುಮಟಾಯ್ಡ್ ಗುರುತಿಸುವ ಆಂಟಿ-ಸಿಸಿಪಿ ಪಾಸಿಟಿವ್ ಬಂತು. ಕಬ್ಬಿಣ ನಿಜಕ್ಕೂ ಕಡಿಮೆ, ಇದ್ದದ್ದೂ ಬೀಗದೊಳಗೆ. ಇನ್ನೊಂದು ಗೊಂದಲವನ್ನೂ ಹೇಳಿಬಿಡಬೇಕು. ವಾತದ ತೀವ್ರತೆ ನೋಡಲು ಅಗ್ಗವಾಗಿ ಮಾಡುವ ಪರೀಕ್ಷೆ ಇಎಸ್‌ಆರ್. ರಕ್ತಹೀನತೆಯೊಂದರಿಂದಲೇ ಇಎಸ್‌ಆರ್ ಏರುತ್ತದೆ. ಅದೊಂದನ್ನೇ ನೋಡಿ ವಾತ ಹೆಚ್ಚಾಯಿತೆಂದು ಗಾಬರಿಯಾದವರನ್ನೂ, "ರಕ್ತ ಕಡಿಮೆ ಇರುವುದಕ್ಕೆ ಹಾಗೆ" ಎಂದು ವಾತವನ್ನು ತಳ್ಳಿಹಾಕಿದವರನ್ನೂ ಕಂಡಿದ್ದೇನೆ.

ಸಂದುನೋವು ಮತ್ತು ರಕ್ತಹೀನತೆ ಜೊತೆಯಾಗಿ ಬರುವ ಬೇರೆ ಕಾಯಿಲೆಗಳೂ ಇವೆ, ನಮ್ಮ ಊರು ಮತ್ತು ನಮ್ಮ ಸೀಮೆಯಲ್ಲೇ ಇವೆ. ಪಕ್ಕದ ಉಲ್ಲಾಸನಗರವನ್ನೇ ತೆಗೆದುಕೊಳ್ಳಿ. ಯುದ್ಧಕಾಲದ ಕಲ್ಯಾಣ ಕ್ಯಾಂಪಿನ ಬ್ಯಾರಕ್ಕುಗಳಲ್ಲಿ ದೇಶವಿಭಜನೆಯ ನಂತರ ಸಿಂಧಿ ನಿರಾಶ್ರಿತರು ನೆಲೆಯೂರಿದರು. 1949ರಲ್ಲಿ ಅದು ಉಲ್ಲಾಸನಗರವಾಯಿತು. ಸಿಂಧಿ, ಕಚ್ಛಿ, ಪಂಜಾಬಿ ಸಮುದಾಯಗಳಲ್ಲಿ ಬೀಟಾ ಥಲಸ್ಸೀಮಿಯಾದ ವಾಹಕರು ಇತರರಿಗಿಂತ ಹೆಚ್ಚು. ವಾಹಕರು ಆರೋಗ್ಯವಾಗಿಯೇ ಇರುತ್ತಾರೆ, ಕೆಂಪು ಕಣಗಳು ಮಾತ್ರ ಚಿಕ್ಕವು, ಹಿಮೋಗ್ಲೋಬಿನ್ ತುಸು ಕಡಿಮೆ. ಕಬ್ಬಿಣದ ಕೊರತೆಯ ರಿಪೋರ್ಟಿನಂತೆಯೇ ಕಾಣುತ್ತದೆ. ಕೊರತೆಯಿಲ್ಲದಿದ್ದರೆ ವರ್ಷಗಟ್ಟಲೆ ಐರನ್ ಕೊಟ್ಟರೂ ಏರುವುದಿಲ್ಲ. ಹಿಮೋಗ್ಲೋಬಿನ್ ಎ2 ಎಂಬ ಒಂದು ಪರೀಕ್ಷೆ ಇದನ್ನು ತಿಳಿಸುತ್ತದೆ. ವಾಹಕತ್ವ ಯಾವ ಜಾತಿಯ ಗಡಿಯನ್ನೂ ಕೇಳುವುದಿಲ್ಲ, ಕನ್ನಡದವರಿಗೂ ಇರಬಹುದು. ಇಂಥ ರಕ್ತದೋಷಗಳಿಗೆ ಮೀಸಲಾದ ರಾಷ್ಟ್ರೀಯ ಸಂಸ್ಥೆ ಮುಂಬಯಿಯಲ್ಲೇ, ಪರೇಲಿನ ಕೆಇಎಂ ಆಸ್ಪತ್ರೆಯ ಆವರಣದಲ್ಲಿದೆ.

ಸಿಕಲ್ ಸೆಲ್ ಕಾಯಿಲೆಯಂತೂ ರಕ್ತಹೀನತೆ ಮತ್ತು ಎಲುಬು-ಸಂದಿನ ನೋವಿನ ಅತಿ ಕಠೋರ ಜೋಡಿ. ಕುಡುಗೋಲಿನಂತೆ ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಸಹಿಸಲಾರದ ನೋವು ಬರುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಮಹಾರಾಷ್ಟ್ರದ ನಂದುರ್ಬಾರ್, ಗಡಚಿರೋಲಿ ಕಡೆ ಹೆಚ್ಚು. ಕರ್ನಾಟಕದಲ್ಲಿ ಸೋಲಿಗರು, ಜೇನುಕುರುಬರಲ್ಲಿ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಈ ಕಾಯಿಲೆಗೂ ಕೆಲಸ ಮಾಡಿದೆ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿ 2047ರ ಗುರಿ ಇಟ್ಟುಕೊಂಡಿದೆ.

ಪಾವಗಡ, ಮುಂಡರಗಿ, ಕೊಪ್ಪಳದ ಕಡೆಯಿಂದ ಬಂದವರಿಗೆ ಇನ್ನೊಂದು ಪ್ರಶ್ನೆ ಕೇಳಬೇಕು: ಊರಲ್ಲಿ ಯಾವ ನೀರು ಕುಡಿದು ಬೆಳೆದಿರಿ? ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ನೀರು ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಎಲುಬು, ಸಂದು, ಬೆನ್ನು ಮರಗಟ್ಟುತ್ತವೆ. ಕರುಳಿನ ಒಳಪದರವೂ ಹಾಳಾಗುವುದರಿಂದ ಪೋಷಕಾಂಶ ಹೀರಿಕೊಳ್ಳುವುದು ತಗ್ಗುತ್ತದೆ. ದೆಹಲಿಯ ಡಾ. ಎ.ಕೆ. ಸುಶೀಲಾ ಗರ್ಭಿಣಿಯರಲ್ಲಿ ಫ್ಲೋರೈಡ್ ಸೇವನೆ ತಪ್ಪಿಸಿ, ಊಟ ಸುಧಾರಿಸಿದಾಗ ಹಿಮೋಗ್ಲೋಬಿನ್ ಏರಿದ್ದನ್ನು ತೋರಿಸಿದ್ದಾರೆ. ಫ್ಲೋರೈಡಿನ ಗುರುತಾದ, ಹಲ್ಲಿನ ಮೇಲಿನ ಕಂದು ಗೆರೆ ನೋಡಿದ ಡಾಕ್ಟರು ಈ ಪ್ರಶ್ನೆ ಕೇಳಬಹುದು. ಇಲ್ಲಿನ ನಗರಗಳಲ್ಲಿ ಕೇಳುವವರು ಕಡಿಮೆ, ನಾವೇ ಹೇಳಬೇಕಾಗುತ್ತದೆ.

ಉಳಿದವನ್ನು ಬೇಗ ಹೇಳುತ್ತೇನೆ. ಲೂಪಸ್‌ನಲ್ಲಿ ಸಂದು ನೋಯುತ್ತದೆ, ದೇಹವೇ ತನ್ನ ರಕ್ತಕಣ ಒಡೆಯುವುದೂ ಉಂಟು. ಥೈರಾಯ್ಡ್ ಕುಗ್ಗಿದರೂ ಮೈಕೈ ನೋವು, ರಕ್ತ ಕಡಿಮೆ. ಅರವತ್ತು ದಾಟಿದವರ ತಗ್ಗದ ಬೆನ್ನುನೋವಿನ ಜೊತೆ ರಕ್ತಹೀನತೆ ಇದ್ದರೆ ಮೈಲೋಮ ಎಂಬ ಮಜ್ಜೆಯ ಕ್ಯಾನ್ಸರನ್ನು ತಳ್ಳಿಹಾಕಬೇಕು. ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಇಳಿದರೆ ಕರುಳಿನಲ್ಲಿ ಎಲ್ಲೋ ಸೋರುತ್ತಿದೆ ಎಂದೇ ತಿಳಿದು ಎಂಡೋಸ್ಕೋಪಿಗೆ ಒಪ್ಪಿಕೊಳ್ಳಬೇಕು. ಮಗು ಬಿಳಿಚಿಕೊಂಡು, ಕಾಲು ನೋವೆಂದು ಅತ್ತು, ನಡೆಯಲು ಒಲ್ಲೆನೆಂದರೆ "ಬೆಳೆಯುವ ನೋವು" ಎನ್ನದೆ ರಕ್ತ ಪರೀಕ್ಷೆ ಮಾಡಿಸಿ. ಲ್ಯುಕೀಮಿಯಾ ಕೆಲವೊಮ್ಮೆ ಹೀಗೇ ಶುರುವಾಗುತ್ತದೆ.

ಈ ಕಥೆಯ ಒಂದು ತುದಿ ಮುಂಬಯಿಯಲ್ಲೇ ಇದೆ ಎಂದು ತಿಳಿದಾಗ ನನಗೆ ಮೈ ಜುಮ್ಮೆಂದಿತು. 1928ರಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಧ್ಯಯನ ಮಾಡುವುದು ಅವರ ಕೆಲಸ. ಆ ಹೆಂಗಸರ ರಕ್ತಕಣಗಳು ಚಿಕ್ಕವಾಗಿರಲಿಲ್ಲ, ದೊಡ್ಡವಾಗಿದ್ದವು. ಹಾಗಾಗಿ ಇದು ಬರಿಯ ಕಬ್ಬಿಣದ ಪ್ರಶ್ನೆಯಲ್ಲ ಎಂದು ಅವರಿಗೆ ಅನಿಸಿತು. ಅವರು ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಎಂದು ವಿಚಾರಿಸಿದರು. ಆ ಊಟವನ್ನೇ ಪ್ರಾಣಿಗಳಿಗೆ ಹಾಕಿ ಪ್ರಯೋಗ ಮಾಡಿದರು. ಕೊನೆಗೆ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಅಜ್ಞಾತ ವಸ್ತುವಿಗೆ ಬಹುಕಾಲ "ವಿಲ್ಸ್ ಫ್ಯಾಕ್ಟರ್" ಎಂದೇ ಹೆಸರಿತ್ತು. 1941ರಲ್ಲಿ ಅಮೆರಿಕದಲ್ಲಿ ಅದನ್ನು ಪಾಲಕದ ಸೊಪ್ಪಿನಿಂದ ಬೇರ್ಪಡಿಸಿದರು; ಎಲೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಫೋಲಿಕ್ ಆಮ್ಲ ಎಂದು ಹೆಸರಾಯಿತು.

ಮುಂದಿನ ಗಂಟು ಕಟ್ಟಿದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು; ಹಾಗೆಯೇ ಅದಕ್ಕೆ ಎದುರಾಗಿ ನಿಲ್ಲುವ ವಸ್ತುಗಳನ್ನೂ. ಆ ವಂಶದ್ದೇ ಮೆಥೊಟ್ರೆಕ್ಸೇಟ್. ರಕ್ತದ ಕ್ಯಾನ್ಸರಿಗೆಂದು ಬಂದ ಈ ಮದ್ದು ಅತಿ ಸಣ್ಣ ಪ್ರಮಾಣದಲ್ಲಿ ರುಮಟಾಯ್ಡ್ ವಾತದ ಉರಿಯನ್ನು ತಗ್ಗಿಸುತ್ತದೆಂದು ಗೊತ್ತಾಗಿ, 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಇಂದು ಈ ರೋಗದ ಮೊದಲ ಮದ್ದು ಅದೇ. ಇದು ಫೋಲಿಕ್ ಆಮ್ಲದ ಕೆಲಸ ತಡೆಯುವುದರಿಂದ ತಾನೇ ರಕ್ತಹೀನತೆ ತರಬಲ್ಲದು. ಆದ್ದರಿಂದ ಅದರ ಜೊತೆ ಫೋಲಿಕ್ ಆಮ್ಲದ ಗುಳಿಗೆಯನ್ನೂ ಕೊಡುತ್ತಾರೆ. ನೂರು ವರ್ಷದ ಹಿಂದೆ ಇಲ್ಲಿನ ಗಿರಣಿ ಹೆಂಗಸರ ಮೈಯಿಂದ ಕಂಡುಕೊಂಡ ವಸ್ತು ಮತ್ತು ಅದರ ವಿರೋಧಿ, ಎರಡೂ ಇಂದು ವಿಠ್ಠಲವಾಡಿಯ ಒಂದು ಅಡುಗೆಮನೆಯ ಡಬ್ಬಿಯಲ್ಲಿ ಅಕ್ಕಪಕ್ಕ ಇವೆ. ವೈನಿ ಭಾನುವಾರ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಾರೆ. ವಾರಕ್ಕೊಮ್ಮೆ ಮಾತ್ರ. ಇದನ್ನು ತಪ್ಪಿ ದಿನಾ ನುಂಗಿದವರು ಪ್ರಾಣ ಕಳೆದುಕೊಂಡಿದ್ದಾರೆ. ಅದಕ್ಕೇ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ "ಐತ್ವಾರ" ಎಂದು ಬರೆದಿಟ್ಟಿದ್ದೇವೆ.

ವಾತದ ಉರಿ ತಗ್ಗಿದರೆ ಹೆಪ್ಸಿಡಿನ್ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ, ಎಷ್ಟೋ ಜನರಲ್ಲಿ ಹಿಮೋಗ್ಲೋಬಿನ್ ತಾನಾಗಿ ಏರುತ್ತದೆ. ಇಂಟರ್‌ಲ್ಯೂಕಿನ್-6ರ ದಾರಿಯನ್ನೇ ಅಡ್ಡಗಟ್ಟುವ ಟೊಸಿಲಿಜುಮಾಬ್‌ನಂಥ ದುಬಾರಿ ಮದ್ದುಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕಬ್ಬಿಣವೂ ನಿಜಕ್ಕೂ ಕಡಿಮೆಯಿದ್ದವರಿಗೆ ಅದನ್ನು ತುಂಬಲೇಬೇಕು. ಗುಳಿಗೆ ಒಗ್ಗದವರಿಗೆ, ಬಾಗಿಲು ಮುಚ್ಚಿರುವವರಿಗೆ ರಕ್ತನಾಳದ ಮೂಲಕ ಕೊಡುತ್ತಾರೆ. ಹಿಂದಿನ ಐರನ್ ಡೆಕ್ಸ್‌ಟ್ರಾನ್‌ನಿಂದ ವಾತ ಕೆರಳಿದ ಉದಾಹರಣೆಗಳಿದ್ದವು. ಈಗಿನವು ಹೆಚ್ಚು ಸುರಕ್ಷಿತ. ಆದರೂ ಕೊಟ್ಟ ಒಂದೆರಡು ದಿನ ಮೈಕೈ, ಸಂದು ನೋಯುವುದುಂಟು. ಇವುಗಳಲ್ಲೊಂದಾದ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಪದೇಪದೇ ಪಡೆದವರಲ್ಲಿ ರಕ್ತದ ಫಾಸ್ಫೇಟ್ ಇಳಿದು ಎಲುಬು ನೋಯಬಹುದು. ಅಂಥ ನೋವನ್ನು ವಾತವೆಂದು ತಿಳಿದು ಮದ್ದು ಹೆಚ್ಚಿಸಬಾರದು.

ಆಯುರ್ವೇದ ರಕ್ತಹೀನತೆಯನ್ನು ಹೋಲುವ ಪಾಂಡುರೋಗವನ್ನು ಚರಕನ ಕಾಲದಿಂದ ಬಲ್ಲದು, ಸಂದುನೋವಿನ ಆಮವಾತಕ್ಕೆ ಮಾಧವನಿದಾನ ಪ್ರತ್ಯೇಕ ಅಧ್ಯಾಯ ಕೊಟ್ಟಿದೆ. ಓದಿಬಲ್ಲ ವೈದ್ಯರ ಬಗ್ಗೆ ನನ್ನ ತಕರಾರಿಲ್ಲ. ಹೆಸರಿಲ್ಲದ ಪೊಟ್ಟಣದ ಬಗ್ಗೆ ಇದೆ. "ವಾಯುವಿಗೆ ಒಳ್ಳೇದು" ಎಂದು ಊರಿಂದ ಬರುವ ಕೆಲವು ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿರುತ್ತದೆ. ಮೂರು ದಿನದಲ್ಲಿ ಪವಾಡದಂತೆ ನೋವು ಹೋಗುವುದು ಅದರಿಂದ. ಸರಿಯಾಗಿ ಶುದ್ಧಿಯಾಗದ ಭಸ್ಮಗಳಲ್ಲಿ ಸೀಸ ಸಿಕ್ಕಿದೆ. ಸೀಸದ ವಿಷ ರಕ್ತವನ್ನೂ ಕೆಡಿಸುತ್ತದೆ, ಸಂದನ್ನೂ ನೋಯಿಸುತ್ತದೆ.

ಅಡುಗೆಮನೆಗೆ ಬರೋಣ. ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಹೇಳಿದಂತೆ ಹೆಂಗಸರ ಊಟದಲ್ಲಿ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಇರಬೇಕು, ಗಂಡಸರ ಊಟದಲ್ಲಿ 19. ಸಜ್ಜೆ, ಹುರುಳಿ, ಜೋಳ, ರಾಗಿ ಒಳ್ಳೆಯವೇ. ಬಾಣಂತಿಗೆ ನಮ್ಮ ಕಡೆ ಕೊಡುವ ಅಳ್ವಿ ಇಲ್ಲಿ ಹಳೀವ್ ಎಂಬ ಹೆಸರಿನಲ್ಲಿ ಲಾಡು ಆಗುತ್ತದೆ, ಅದರಲ್ಲಿ ಕಬ್ಬಿಣ ಧಾರಾಳ. ಆದರೆ ಸಸ್ಯದ ಕಬ್ಬಿಣ ಸುಲಭವಾಗಿ ಒಳಸೇರುವುದಿಲ್ಲ. ಕಾಳನ್ನು ಮೊಳಕೆ ಬರಿಸಿದರೆ, ಊಟಕ್ಕೆ ನಿಂಬೆ ಹಿಂಡಿದರೆ, ಕಬ್ಬಿಣದ ಬಾಣಲೆಯಲ್ಲಿ ಹುಳಿ ಬೇಯಿಸಿದರೆ ಹೆಚ್ಚು ಸೇರುತ್ತದೆ. ಊಟದ ಜೊತೆ ಚಹಾ ಕುಡಿದರೆ ಅರ್ಧಕ್ಕಿಂತ ಹೆಚ್ಚು ವ್ಯರ್ಥ. ಮೀನು, ಮಾಂಸ ತಿನ್ನುವವರಿಗೆ ಅನುಕೂಲ ಹೆಚ್ಚು. ಪಾಲಕದ ಮೇಲೆ ಇಟ್ಟ ನಂಬಿಕೆ ಮಾತ್ರ ಅತಿಯಾಯಿತು. ಇಷ್ಟೆಲ್ಲ ಮಾಡಿದರೂ ಹಿಮೋಗ್ಲೋಬಿನ್ 8 ಇದ್ದವರನ್ನು ಊಟವೊಂದೇ ಮೇಲೆತ್ತುವುದಿಲ್ಲ. ಬೀಟ್‌ರೂಟ್ ತಿನ್ನಿ ಎಂದು ಹೇಳಿ ಕಳಿಸಿದವರನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಗುಳಿಗೆಯಲ್ಲೂ ಸಮಯವೇ ಎಲ್ಲ. ಖಾಲಿ ಹೊಟ್ಟೆಗೆ, ನಿಂಬೆ ನೀರಿನ ಜೊತೆ ಒಳ್ಳೆಯದು. ಚಹಾ, ಹಾಲು, ಕ್ಯಾಲ್ಸಿಯಂ ಗುಳಿಗೆಯಿಂದ ಎರಡು ಗಂಟೆ ದೂರವಿರಲಿ, ಥೈರಾಯ್ಡ್ ಗುಳಿಗೆಯಿಂದ ನಾಲ್ಕು ಗಂಟೆ. ಒಂದು ಗುಳಿಗೆ ನುಂಗಿದ ಮೇಲೆ ಹೆಪ್ಸಿಡಿನ್ ಒಂದು ದಿನ ಏರಿರುತ್ತದೆ, ಆದ್ದರಿಂದ ದಿನಬಿಟ್ಟು ದಿನ ಕೊಟ್ಟರೆ ಪ್ರತಿ ಗುಳಿಗೆಯಿಂದ ಹೆಚ್ಚು ಕಬ್ಬಿಣ ಒಳಸೇರುತ್ತದೆ ಎಂದು ಜ್ಯೂರಿಕ್‌ನ ಸಂಶೋಧಕರು 2017ರಲ್ಲಿ ತೋರಿಸಿದರು. ಆ ಅಧ್ಯಯನ ನಡೆದದ್ದು ವಾತವಿಲ್ಲದ ಯುವತಿಯರಲ್ಲಿ. ಹೊಟ್ಟೆಗೆ ಒಗ್ಗದವರು ಇದನ್ನು ಡಾಕ್ಟರಲ್ಲಿ ಕೇಳಬಹುದು. ರಕ್ತ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ನಿಲ್ಲಿಸಬಾರದು, ಕಣಜ ತುಂಬಬೇಕು.

ಸರ್ಕಾರದ ಅನೀಮಿಯಾ ಮುಕ್ತ ಭಾರತ 2018ರಿಂದ ನಡೆಯುತ್ತಿದೆ. 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಗುಳಿಗೆ ಆಶಾ ಕಾರ್ಯಕರ್ತೆಯರ ಕೈಯಿಂದ ಮನೆ ಮುಟ್ಟುತ್ತದೆ. ಗರ್ಭಿಣಿಯರಿಗೆ, ಹರೆಯದ ಹುಡುಗಿಯರಿಗೆ ಅದು ದೊಡ್ಡ ಉಪಕಾರ. ನನ್ನ ಕಾಳಜಿ ನಲವತ್ತೈದರ ಆಚೆಗಿನ ಹೆಂಗಸರದು. ಮಗು ಹೆರುವ ವಯಸ್ಸು ಮುಗಿಯಿತೆಂದರೆ ಅವರ ರಕ್ತವನ್ನು ಅಳೆಯುವವರೇ ಇಲ್ಲ, ವಾತ ಕಾಣಿಸಿಕೊಳ್ಳುವುದೋ ಬಹಳ ಸಲ ಆ ವಯಸ್ಸಿನ ಆಸುಪಾಸಿನಲ್ಲೇ. ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ, ಉಲ್ಲಾಸನಗರದ ಸೆಂಟ್ರಲ್ ಆಸ್ಪತ್ರೆಗಳ ಪಾಳಿಯಲ್ಲಿ ನಿಲ್ಲುವವರಲ್ಲಿ ಅವರು ಎಷ್ಟು ಮಂದಿ! ಹಿಮೋಗ್ಲೋಬಿನ್ ಕೆಳಗಿದ್ದಾಗ ಫೆರಿಟಿನ್ ಮತ್ತು ಸಿಆರ್‌ಪಿ ಎರಡನ್ನೂ ಒಟ್ಟಿಗೆ ನೋಡುವ ಪದ್ಧತಿ ಇಂಥ ಕಡೆಗಳಲ್ಲಿ ಬಂದರೆ ಎಷ್ಟೋ ಜನರ ಬೆರಳು ಸೊಟ್ಟಗಾಗುವ ಮೊದಲೇ ಮದ್ದು ಶುರುವಾದೀತು. ಸಂದು ಒಮ್ಮೆ ಸೊಟ್ಟಗಾದರೆ ಗುಳಿಗೆಯಿಂದ ನೆಟ್ಟಗಾಗದು.

ವೈನಿಯದು ಈಗ ಒಂದೇ ಫೈಲು. ಅಡುಗೆಮನೆಯಲ್ಲಿ ತೂಗುಹಾಕಿದ ಕ್ಯಾಲೆಂಡರಿನ ಚೌಕಗಳಲ್ಲಿ ಪೆನ್ಸಿಲಿನಿಂದ ಬೆಳಗಿನ ಬಿಗಿತದ ನಿಮಿಷ ಬರೆಯುತ್ತಾರೆ. ಮೊದಲ ತಿಂಗಳು 150, 140, 150. ನಾಲ್ಕನೆಯ ತಿಂಗಳು 60, 45. ಕಳೆದ ತಿಂಗಳು 20, ಮಳೆ ಹಿಡಿದ ವಾರದಲ್ಲಿ ಮತ್ತೆ 40. ನೋವಿನ ಗುಳಿಗೆ ತಿಂದ ದಿನಕ್ಕೆ ಒಂದು ಚುಕ್ಕಿ, ಮುಟ್ಟಿನ ದಿನಗಳಿಗೆ ಒಂದು ಗೀಟು. ಹಿಮೋಗ್ಲೋಬಿನ್ 11.1ಕ್ಕೆ ಬಂದಿದೆ, ಇನ್ನೂ 12 ಆಗಿಲ್ಲ. ಹಾಳೆ ತಿರುಗಿಸಿ ನೋಡಿದ ವೈದ್ಯೆ ಚುಕ್ಕಿಗಳು ಕಡಿಮೆಯಾಗಿದ್ದನ್ನು ನೋಡಿದರು, ಆಮೇಲೆ ಗೀಟುಗಳನ್ನು ಎಣಿಸಿದರು. ಪ್ರತಿ ತಿಂಗಳೂ ಎಂಟು, ಒಂಬತ್ತು. "ಇದನ್ನು ಯಾರಿಗೂ ಹೇಳಿರಲಿಲ್ಲವೇ?" ಎಂದರು. ಸ್ತ್ರೀರೋಗ ವಿಭಾಗದ ಚೀಟಿ ಬರೆದುಕೊಟ್ಟಿದ್ದಾರೆ, ಮುಂದಿನ ಬುಧವಾರ ಹೋಗಬೇಕು.